ಹಾಫ್-ಟನ್ ಪಿಕಪ್‌ಗೆ ಫಿಫ್ತ್ ವೀಲ್ ಟ್ರೈಲರ್ ಕಟ್ಟುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಅರಿಜೋನಾದಲ್ಲಿ ನೆಲೆಸಿ, ಹಾಫ್-ಟನ್ ಪಿಕಪ್ಪಿಗೆ (ಎಫ್-150 ಥರದ, ದೊಡ್ಡ ಪಿಕಪ್ಪುಗಳಲ್ಲಿ ಹಗುರ ವರ್ಗದ ಗಾಡಿ) ಮಲಗಲು, ಅಡುಗೆ ಮಾಡಲು ಜಾಗವಿರುವ ಸಣ್ಣದೊಂದು ಫಿಫ್ತ್ ವೀಲ್ ಟ್ರೈಲರ್ ಕಟ್ಟಿಕೊಂಡು ಓಡಾಡಲು ಶುರು ಮಾಡಿದ ಮೇಲೆ, ಇಲ್ಲಿನ ಪರಿಚಯದ ಕನ್ನಡದ ಮನೆಗಳವರು ಈ ವಿಚಾರವಾಗಿ ಆಗಾಗ ಫೋನ್ ಮಾಡುತ್ತಾರೆ. ಬಹುತೇಕರು ಫೋನ್ ಮಾಡುವುದು ಟ್ರೈಲರ್‌ಗೆ ಮುಂಗಡ ಕೊಟ್ಟ ಮೇಲೆ. ಕೊಡುವ ಮೊದಲೇ ಓದಲಿ ಅಂತ ಉತ್ತರಗಳನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ತೂಕಗಳನ್ನು ಪೌಂಡಿನಲ್ಲೇ ಕೊಟ್ಟಿದ್ದೇನೆ, ಏಕೆಂದರೆ ಇಲ್ಲಿ ಗಾಡಿಯ ಮೇಲೆ, ತೂಕದ ಚೀಟಿಯ ಮೇಲೆ ಬರುವುದು ಅದೇ. 1,000 ಪೌಂಡ್ ಅಂದರೆ ಸುಮಾರು 454 ಕಿಲೋ.

ಫಿಫ್ತ್ ವೀಲ್ ಅಂದರೆ ಐದು ಚಕ್ರದ ಟ್ರೈಲರ್ರಾ?

ಅಲ್ಲ. ಹಳೆಯ ಕುದುರೆ ಗಾಡಿಗಳಲ್ಲಿ ಮುಂದಿನ ಅಚ್ಚು ಎಡಕ್ಕೆ ಬಲಕ್ಕೆ ತಿರುಗಲಿ ಅಂತ ಅದರ ಮೇಲೆ ಒಂದು ಚಕ್ರವನ್ನು ಅಡ್ಡಡ್ಡ ಮಲಗಿಸಿದಂತೆ ಕೂರಿಸುತ್ತಿದ್ದರು. ನೆಲಕ್ಕೆ ತಾಗದ ಆ ಐದನೆಯ ಚಕ್ರದಿಂದ ಬಂದ ಹೆಸರು. ಇವತ್ತು ಪಿಕಪ್ಪಿನ ಬೆಡ್ಡಿನೊಳಗೆ, ಅಂದರೆ ಹಿಂದೆ ಸಾಮಾನು ತುಂಬುವ ಜಾಗದೊಳಗೆ, ಕೂರಿಸುವ ತಟ್ಟೆಯಂಥ ಹಿಚ್‌ಗೆ (ಕೊಂಡಿಗೆ) ಆ ಹೆಸರು ಉಳಿದಿದೆ. ಟ್ರೈಲರ್ ಮೂತಿಯಿಂದ ಕೆಳಗೆ ಇಳಿದಿರುವ ಕಿಂಗ್‌ಪಿನ್ ಅನ್ನುವ ಗೂಟ ಆ ತಟ್ಟೆಯ ದವಡೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬಂಪರ್ ಹಿಂದಿನ ಉಕ್ಕಿನ ಚೆಂಡಿಗೆ ಸಿಕ್ಕಿಸುವ ಮಾಮೂಲಿ ಟ್ರೈಲರ್‌ಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ: ಇದರ ಮುಂದಿನ ಭಾರ ನೇರವಾಗಿ ಪಿಕಪ್ಪಿನ ಹಿಂದಿನ ಆ್ಯಕ್ಸಲ್ ಮೇಲೆ, ಅಥವಾ ಅದಕ್ಕಿಂತ ಸ್ವಲ್ಪ ಮುಂದೆ, ಬೀಳುತ್ತದೆ. ಅದಕ್ಕೇ ಗಾಳಿಗೆ ಬಾಲ ಅಲ್ಲಾಡಿಸುವುದು ಕಡಿಮೆ. ಪಿಕಪ್ ಹೆಚ್ಚು ಭಾರ ಹೊರಬೇಕಾಗಿ ಬರುವುದೂ ಅದಕ್ಕೇ.

ನನ್ನ ಪಿಕಪ್ 11,000 ಪೌಂಡ್ ಎಳೆಯುತ್ತೆ ಅಂತ ಜಾಹೀರಾತಿನಲ್ಲೇ ಇದೆ. 8,000 ಪೌಂಡಿನ ಟ್ರೈಲರ್ ಆರಾಮಾಗಿ ಆಗುತ್ತಲ್ಲ?

ಬಹುಪಾಲು ಸಂದರ್ಭದಲ್ಲಿ ಆಗುವುದಿಲ್ಲ. ಉಳಿದ ಪ್ರಶ್ನೆಗಳನ್ನು ಓದದಿದ್ದರೂ ಇದೊಂದನ್ನು ಪೂರ್ತಿ ಓದಿ.

ಎತ್ತಿನ ಗಾಡಿ ಹೇರುವುದನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಎತ್ತುಗಳು ಎಷ್ಟು ಎಳೆಯುತ್ತವೆ ಅನ್ನುವುದು ಒಂದು ಲೆಕ್ಕ, ಅವುಗಳ ಹೆಗಲ ಮೇಲೆ ನೊಗ ಎಷ್ಟು ಕೂರುತ್ತದೆ ಅನ್ನುವುದು ಇನ್ನೊಂದು. ಹುಲ್ಲನ್ನೋ ಕಬ್ಬನ್ನೋ ಮುಂದಕ್ಕೆ ಹೇರಿದರೆ ಮುಂಭಾರವಾಗಿ ಎತ್ತಿನ ಕುತ್ತಿಗೆ ಬಗ್ಗುತ್ತದೆ. ಹಿಂದಕ್ಕೆ ಹೇರಿದರೆ ಹಿಂಭಾರವಾಗಿ ನೊಗವೇ ಮೇಲೇಳುತ್ತದೆ. ಫಿಫ್ತ್ ವೀಲ್‌ನಲ್ಲಿ ಪಿನ್ ವೇಟ್ ಅನ್ನುವುದು ಆ ಮುಂಭಾರವೇ. ಜಾಹೀರಾತಿನ ದೊಡ್ಡ ಅಂಕಿ ಎಳೆಯುವ ಶಕ್ತಿಯದು. ಹಾಫ್-ಟನ್ ಗಾಡಿ ಸೋಲುವುದು ಎಳೆಯುವುದರಲ್ಲಿ ಅಲ್ಲ, ಹೊರುವುದರಲ್ಲಿ.

ತುಂಬಿದ ಫಿಫ್ತ್ ವೀಲ್‌ನ ಒಟ್ಟು ತೂಕದಲ್ಲಿ ಶೇ. 15ರಿಂದ 25ರಷ್ಟು ಪಿನ್ ಮೇಲೆ ಕೂರುತ್ತದೆ. ಲೆಕ್ಕಕ್ಕೆ ಶೇ. 20 ಇಟ್ಟುಕೊಳ್ಳಿ. ಮಾಮೂಲಿ ಟ್ರಾವೆಲ್ ಟ್ರೈಲರ್‌ನಲ್ಲಿ ಇದು 10ರಿಂದ 15 ಮಾತ್ರ. ಅಂದರೆ 8,000 ಪೌಂಡಿನ ಫಿಫ್ತ್ ವೀಲ್ ಕಟ್ಟಿದರೆ 1,600 ಪೌಂಡ್ ನಿಮ್ಮ ಬೆಡ್ಡಿನ ಮೇಲೆ ಕೂತಿತು. ಹೆಂಡತಿ, ಮಕ್ಕಳು, ಹಿಚ್, ನೀವು, ಯಾರೂ ಇನ್ನೂ ಗಾಡಿ ಹತ್ತಿಲ್ಲ.

ಹಾಗಾದರೆ ನನ್ನ ಗಾಡಿ ಎಷ್ಟು ಹೊರುತ್ತೆ ಅಂತ ತಿಳಿಯುವುದು ಹೇಗೆ?

ಡ್ರೈವರ್ ಬಾಗಿಲು ತೆರೆಯಿರಿ. ಚೌಕಟ್ಟಿನ ಮೇಲೆ ಹಳದಿ ಪಟ್ಟಿಯ ಬಿಳಿ ಸ್ಟಿಕ್ಕರ್ ಇರುತ್ತದೆ. ಟೈರಿನ ಅಳತೆ, ಗಾಳಿಯ ಒತ್ತಡದ ಜೊತೆಗೆ, ಜನ ಮತ್ತು ಸಾಮಾನು ಸೇರಿ ಇಷ್ಟು ತೂಕವನ್ನು ಎಂದೂ ಮೀರಬಾರದು ಅಂತ ಒಂದು ಸಾಲು ಇರುತ್ತದೆ. ಅದೇ ನಿಮ್ಮ ಪೇಲೋಡ್. ನಿಮ್ಮದೇ ಗಾಡಿಗೆ, ಕಾರ್ಖಾನೆಯಲ್ಲಿ ಹಾಕಿದ ಸನ್‌ರೂಫ್, ಲೆದರ್ ಸೀಟು, ಫೋರ್-ವೀಲ್ ಡ್ರೈವ್ ಎಲ್ಲ ಕಳೆದು ಬಂದ ಅಂಕಿ ಅದು. ಒಂದೇ ವರ್ಷದ, ಒಂದೇ ಮಾದರಿಯ ಎರಡು ಎಫ್-150 ಅಕ್ಕಪಕ್ಕ ನಿಂತಿದ್ದರೂ ಈ ಅಂಕಿಯಲ್ಲಿ ನೂರಾರು ಪೌಂಡ್ ವ್ಯತ್ಯಾಸ ಇರಬಹುದು. ಗಾಡಿ ಹೆಚ್ಚು ಐಷಾರಾಮಿಯಾದಷ್ಟೂ ಅಂಕಿ ಕೆಳಗಿಳಿಯುತ್ತದೆ. ಪೂರ್ತಿ ಟ್ಯಾಂಕ್ ಪೆಟ್ರೋಲಿನ ತೂಕವನ್ನೂ ಆಗಲೇ ಕಳೆದಿರುತ್ತಾರೆ. ಡ್ರೈವರ್ ತೂಕವನ್ನು ಕಳೆದಿರುವುದಿಲ್ಲ.

ಒಂದು ಲೆಕ್ಕ ಹಾಕೋಣ. ಸ್ಟಿಕ್ಕರ್‌ನಲ್ಲಿ 1,620 ಪೌಂಡ್ ಇದೆ ಅಂದುಕೊಳ್ಳಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಸೇರಿ 480. ಹಿಚ್ 150. ಬೆಡ್ಡಿನ ಮುಚ್ಚಳ, ಕೂಲರ್, ಜ್ಯಾಕು, ಸ್ಪ್ಯಾನರುಗಳು 100. ಒಟ್ಟು 730. ಉಳಿದದ್ದು 890 ಪೌಂಡ್. ಪಿನ್ ವೇಟಿಗೆ ನಿಮ್ಮ ಕೈಯಲ್ಲಿರುವುದು ಅಷ್ಟೇ. 890 ಅನ್ನುವುದು ಶೇ. 20 ಆದರೆ ಟ್ರೈಲರ್‌ನ ತುಂಬಿದ ತೂಕ 4,450 ಪೌಂಡ್.

11,000 ಎಲ್ಲಿ, 4,450 ಎಲ್ಲಿ! ಮೊದಲ ಸಲ ನನ್ನ ಸ್ವಂತ ಗಾಡಿಯ ಲೆಕ್ಕ ಹಾಕಿದಾಗ ಎಲ್ಲೋ ತಪ್ಪಾಗಿದೆ ಅಂತ ಎರಡು ಸಲ ಕೂಡಿದೆ. ತಪ್ಪಾಗಿರಲಿಲ್ಲ.

ಗಾಡಿಯನ್ನು ಇನ್ನೂ ಕೊಂಡಿಲ್ಲವಾದರೆ, ಹೆಚ್ಚು ಭಾರ ಹೊರಲೆಂದೇ ಗಟ್ಟಿ ಸ್ಪ್ರಿಂಗ್, ಆ್ಯಕ್ಸಲ್ ಹಾಕಿದ ಹಾಫ್-ಟನ್ ಪಿಕಪ್ ಹುಡುಕಿ. ಸ್ಟಿಕ್ಕರ್ 2,200 ಇದ್ದರೆ ಅದೇ ಕುಟುಂಬಕ್ಕೆ 1,470 ಪೌಂಡ್ ಪಿನ್ ವೇಟ್ ಉಳಿಯುತ್ತದೆ, ಅಂದರೆ 7,350 ಪೌಂಡಿನ ಟ್ರೈಲರ್. ಶೋರೂಮಿಗೆ ಹೋದಾಗ ಮೊದಲು ಬಾಗಿಲು ತೆರೆದು ಸ್ಟಿಕ್ಕರ್ ಓದಿ, ಆಮೇಲೆ ಮಾತಿಗೆ ಕೂರಿ.

ಟ್ರೈಲರ್ ಮೇಲೆ "ಹಾಫ್-ಟನ್ ಎಳೆಯಬಹುದು" ಅಂತ ಬರೆದಿದೆಯಲ್ಲ?

ಅದು ಮಾರಾಟದ ಮಾತು. ಯಾವ ಹಾಫ್-ಟನ್, ಎಷ್ಟು ಜನ, ಎಷ್ಟು ಸಾಮಾನು ಅಂತ ಅದರಲ್ಲಿ ಹೇಳಿರುವುದಿಲ್ಲ. ಕರಪತ್ರದಲ್ಲಿ ಕೊಡುವ ಪಿನ್ ವೇಟ್ ಕೂಡ ಖಾಲಿ ಟ್ರೈಲರ್‌ನದು: ನೀರಿಲ್ಲ, ಪಾತ್ರೆಯಿಲ್ಲ, ಎಷ್ಟೋ ಸಲ ಬ್ಯಾಟರಿಯೂ ಇಲ್ಲ. ಫಿಫ್ತ್ ವೀಲ್‌ನಲ್ಲಿ ಮಲಗುವ ಕೋಣೆ ಇರುವುದು ಪಿನ್ ಮೇಲೆಯೇ, ಸಾಮಾನಿನ ದೊಡ್ಡ ಗೂಡು ಇರುವುದು ಅದರ ಹಿಂದೆಯೇ. ನೀವು ತುಂಬುವ ಬಟ್ಟೆ, ಹಾಸಿಗೆ, ಕುರ್ಚಿಗಳ ಭಾರದಲ್ಲಿ ದೊಡ್ಡ ಪಾಲು ಪಿನ್ ಮೇಲೇ ಬೀಳುತ್ತದೆ.

ನಮ್ಮವರಿಗೆ ಇನ್ನೊಂದು ಮಾತು. ನಾಲ್ಕು ದಿನದ ಕ್ಯಾಂಪಿಗೆ 20 ಪೌಂಡಿನ ಸೋನಾ ಮಸೂರಿ ಚೀಲ, ಕುಕ್ಕರ್ ಎರಡು, ದೋಸೆಹಿಟ್ಟಿಗೆ ಕಲ್ಲಿನ ಗ್ರೈಂಡರ್ ಹೊತ್ತು ಬಂದವರನ್ನು ನೋಡಿದ್ದೇನೆ. ಹಿಟ್ಟನ್ನು ಮನೆಯಲ್ಲೇ ರುಬ್ಬಿಕೊಂಡು ಬನ್ನಿ. ನೀರಂತೂ ಒಂದು ಗ್ಯಾಲನ್‌ಗೆ 8.3 ಪೌಂಡ್, 40 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ 330 ಪೌಂಡ್ ದಾಟುತ್ತದೆ. ಕ್ಯಾಂಪಿನಲ್ಲಿ ನಲ್ಲಿ ಇದ್ದರೆ ಅಲ್ಲೇ ತುಂಬಿಸಿ.

ಟ್ರೈಲರ್‌ನ ಖಾಲಿ ತೂಕವನ್ನು ಬಿಟ್ಟು, ಅದರ ಮೇಲಿನ ಪಟ್ಟಿಯಲ್ಲಿ ಬರೆದ ಜಿವಿಡಬ್ಲ್ಯೂಆರ್, ಅಂದರೆ ತುಂಬಿದಾಗ ಇರಬಹುದಾದ ಗರಿಷ್ಠ ತೂಕವನ್ನು ಹಿಡಿದು ಶೇ. 20 ಲೆಕ್ಕ ಹಾಕಿ. ಅದು ಹೊಂದಿದರೆ ನೆಮ್ಮದಿ.

ನಿಜವಾಗಿ ಹಾಫ್-ಟನ್‌ಗೆ ಹೊಂದುವ ಫಿಫ್ತ್ ವೀಲ್ ಇವೆಯೇ?

ಇವೆ, ಚಿಕ್ಕವು. ಮಿನ್ನೆಸೋಟಾದ ಬ್ಯಾಕಸ್ ಊರಿನಲ್ಲಿ ತಯಾರಾಗುವ ಸ್ಕ್ಯಾಂಪ್ 19 ಅಡಿಯದು, ಫೈಬರ್‌ಗ್ಲಾಸ್ ಮೈ, ಬಹಳ ಹಗುರ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಚಿಲಿವಾಕ್‌ನಿಂದ ಬರುವ ಎಸ್ಕೇಪ್ ಕಂಪನಿಯದೂ ಅದೇ ಜಾತಿಯದು. ಇಬ್ಬರು ಅಥವಾ ಚಿಕ್ಕ ಮಕ್ಕಳಿರುವ ಸಂಸಾರಕ್ಕೆ ಸಾಕು. ಮೂರು ಸ್ಲೈಡ್‌ಔಟ್ (ನಿಂತಾಗ ಹೊರಕ್ಕೆ ಜಾರುವ ಕೋಣೆಯ ಭಾಗ), ಅಡುಗೆಮನೆಯಲ್ಲಿ ದ್ವೀಪದಂಥ ಕಟ್ಟೆ, ಹಿಂದೆ ಬಂಕ್ ಕೋಣೆ ಬೇಕೆನ್ನುವವರು ಮುಕ್ಕಾಲು ಟನ್ ಅಥವಾ ಒಂದು ಟನ್ ಪಿಕಪ್ ನೋಡಬೇಕು. ಅಷ್ಟು ಖರ್ಚು ಬೇಡವಾದರೆ ಅದೇ ತೂಕದ ಟ್ರಾವೆಲ್ ಟ್ರೈಲರ್ ತೆಗೆದುಕೊಂಡು, ಭಾರ ಹಂಚುವ ಹಿಚ್ ಹಾಕಿಸಿ. ಅದರಲ್ಲಿ ಪಿಕಪ್ ಮೇಲೆ ಬೀಳುವ ಭಾರ ಅರ್ಧದಿಂದ ಮುಕ್ಕಾಲಿಗೆ ಇಳಿಯುತ್ತದೆ.

ಏರ್‌ಬ್ಯಾಗ್ ಸಸ್ಪೆನ್ಷನ್ ಹಾಕಿಸಿದರೆ ಹೆಚ್ಚು ಹೊರುತ್ತೆ ಅಂತಾರೆ.

ಇವು ಹಿಂದಿನ ಸ್ಪ್ರಿಂಗಿನ ಜೊತೆ ಕೂರಿಸುವ ಗಾಳಿಚೀಲಗಳು. ಹಿಂಭಾಗ ಕುಸಿಯುವುದು ನಿಲ್ಲುತ್ತದೆ, ನೋಡಲು ಗಾಡಿ ಸಮವಾಗಿ ಕಾಣುತ್ತದೆ. ಆದರೆ ಫ್ರೇಮ್, ಆ್ಯಕ್ಸಲ್, ಬೇರಿಂಗ್, ಬ್ರೇಕ್, ಟೈರ್ ಎಲ್ಲ ಹಳೆಯವೇ. ಸ್ಟಿಕ್ಕರ್‌ನ ಅಂಕಿ ಒಂದು ಪೌಂಡೂ ಏರುವುದಿಲ್ಲ. ಏರ್‌ಬ್ಯಾಗಿನ ತೂಕವನ್ನು ಅದರಿಂದ ಕಳೆಯಬೇಕು. ಮಿತಿಯೊಳಗೇ ಇದ್ದು ಕುಲುಕಾಟ ಕಡಿಮೆ ಮಾಡಿಕೊಳ್ಳಲು ಹಾಕಿಸಿದರೆ ಒಳ್ಳೆಯದು.

ನನ್ನ ಪಿಕಪ್ಪಿನ ಬೆಡ್ ಐದೂವರೆ ಅಡಿ. ಫಿಫ್ತ್ ವೀಲ್ ಕೂರುತ್ತಾ?

ಇಲ್ಲಿ ಬಹಳ ಎಚ್ಚರ ಬೇಕು. ಟ್ರೈಲರ್ ಅಗಲ ಸುಮಾರು 8 ಅಡಿ, ಅಂದರೆ ಪಿನ್‌ನಿಂದ ಎರಡೂ ಕಡೆ ನಾಲ್ಕು ನಾಲ್ಕು ಅಡಿ. ಗಾಡಿಯನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿದಾಗ ಟ್ರೈಲರ್‌ನ ಮುಂದಿನ ಮೂಲೆ ಕ್ಯಾಬಿನ್ ಕಡೆಗೆ ಬರುತ್ತದೆ. ಎಂಟು ಅಡಿಯ ಬೆಡ್ಡಿನಲ್ಲಿ ಜಾಗ ಧಾರಾಳ. ಆರೂವರೆ ಅಡಿಯಲ್ಲಿ ಟ್ರೈಲರ್ ಮೂತಿಯ ಆಕಾರ ನೋಡಿಕೊಂಡು ಹೇಳಬೇಕು. ಐದೂವರೆಯಲ್ಲಿ ಮೂಲೆ ಹಿಂದಿನ ಗಾಜಿಗೇ ಬಡಿಯಬಹುದು, ಅದೂ ಕ್ಯಾಂಪಿನಲ್ಲಿ ರಿವರ್ಸ್ ಹಾಕುವ ಹೊತ್ತಿನಲ್ಲಿ.

ಇದಕ್ಕೆ ಪರಿಹಾರವಾಗಿ ಜಾರುವ ಹಿಚ್ ಸಿಗುತ್ತದೆ. ಕೆಲವನ್ನು ಕೈಯಿಂದ ಹಿಂದಕ್ಕೆ ಸರಿಸಬೇಕು, ಕೆಲವು ತಿರುವಿನಲ್ಲಿ ತಾವೇ ಹಿಂದೆ ಜಾರುತ್ತವೆ. ಟ್ರೈಲರ್ ಕಡೆಯಿಂದ ತಿರುಗುವ ಬಿಂದುವನ್ನೇ ಹಿಂದಕ್ಕೆ ಒಯ್ಯುವ ಪಿನ್ ಬಾಕ್ಸ್ (ಕಿಂಗ್‌ಪಿನ್ ಹಿಡಿದಿರುವ ಪೆಟ್ಟಿಗೆ) ಕೂಡ ಇದೆ. ಜಾರುವ ಹಿಚ್‌ಗಳು ಭಾರ. ಆ ಭಾರವೂ ಪೇಲೋಡಿನಿಂದಲೇ ಹೋಗುತ್ತದೆ. ಕೊಳ್ಳುವ ಮೊದಲು ನಿಮ್ಮ ಗಾಡಿಯ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಆ ಬೆಡ್ಡಿಗೆ ಫಿಫ್ತ್ ವೀಲ್ ಹಾಕಲು ಒಪ್ಪಿಗೆ ಇದೆಯೇ ಓದಿ.

ಎತ್ತರವನ್ನೂ ಅಳೆಯಿರಿ. ಬೆಡ್ಡಿನ ಪಕ್ಕದ ಗೋಡೆಗೂ ಟ್ರೈಲರ್ ತಳಕ್ಕೂ ನಡುವೆ ಕನಿಷ್ಠ ಐದೂವರೆ-ಆರು ಅಂಗುಲ ಬೇಕು. ಇಲ್ಲದಿದ್ದರೆ ಏರುತಗ್ಗಿನ ರಸ್ತೆಯಲ್ಲಿ ಟ್ರೈಲರ್ ಬೆಡ್ಡಿನ ಅಂಚನ್ನು ಜಜ್ಜುತ್ತದೆ.

ಟ್ರೈಲರ್ ಕಟ್ಟುವಾಗ ಯಾವುದನ್ನು ಮರೆಯಲೇಬಾರದು?

ಎಳೆದು ನೋಡುವುದನ್ನು. ಒಂದು ಸಲ ಫ್ಲ್ಯಾಗ್‌ಸ್ಟಾಫ್ ಹತ್ತಿರದ ಕ್ಯಾಂಪಿನಲ್ಲಿ ಕತ್ತಲಾಗುತ್ತಿತ್ತು, ಮಳೆ ಹನಿಯುತ್ತಿತ್ತು, ಮಕ್ಕಳು ಗಾಡಿಯೊಳಗೆ ಕೂತು ಕಾಯುತ್ತಿದ್ದರು. ಟಕ್ ಅಂತ ಸದ್ದು ಬಂತು, ದವಡೆ ಕೂತಿತು ಅಂದುಕೊಂಡೆ. ಕೂತಿರಲಿಲ್ಲ. ಟ್ರೈಲರ್ ಎತ್ತರ ತುಸು ಹೆಚ್ಚಾಗಿ ಕಿಂಗ್‌ಪಿನ್ ದವಡೆಯ ಮೇಲೆಯೇ ನಿಂತಿತ್ತು. ಟ್ರೈಲರ್ ಮುಂಭಾಗವನ್ನು ಹೊತ್ತು ನಿಲ್ಲಿಸುವ ಮುಂಗಾಲುಗಳನ್ನು ಎತ್ತಿ ನಾಲ್ಕು ಅಡಿ ಹೋಗುವಷ್ಟರಲ್ಲಿ ಟ್ರೈಲರ್ ಜಾರಿ ಬೆಡ್ಡಿನ ಎರಡೂ ಗೋಡೆಗಳ ಮೇಲೆ ಕೂತಿತು. ಯಾರೂ ನಡುವೆ ನಿಂತಿರಲಿಲ್ಲ. ಬೆಡ್ ಸರಿಮಾಡಿಸಲು ಆದ ಖರ್ಚಿಗಿಂತ, ಮಗ ಆಗತಾನೇ ಆ ಜಾಗದಿಂದ ಈಚೆ ಬಂದಿದ್ದ ಅನ್ನುವುದೇ ಇಂದಿಗೂ ನನ್ನನ್ನು ಕಾಡುತ್ತದೆ.

ಆವತ್ತಿನಿಂದ ಹೀಗೆ ಮಾಡುತ್ತೇನೆ. ಮೊದಲು ಟ್ರೈಲರ್ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಡುತ್ತೇನೆ. ಪಿಕಪ್ಪಿನ ಟೇಲ್‌ಗೇಟ್ ಇಳಿಸುತ್ತೇನೆ. ಅದನ್ನು ಮುಚ್ಚಿಟ್ಟೇ ರಿವರ್ಸ್ ಬಂದು ಜಜ್ಜಿಕೊಳ್ಳುವುದು ತುಂಬಾ ಸಾಮಾನ್ಯ. ಟ್ರೈಲರ್‌ನ ಪಿನ್ ತಟ್ಟೆ ಹಿಚ್‌ನ ತಟ್ಟೆಗಿಂತ ಒಂದು ಬೆರಳು ಕೆಳಗಿರುವಂತೆ ಎತ್ತರ ಹೊಂದಿಸುತ್ತೇನೆ, ಹಿಂದೆ ಬಂದಾಗ ಹಿಚ್ ಅದನ್ನು ತುಸು ಎತ್ತಿಕೊಂಡು ಹಿಡಿಯಬೇಕು. ದವಡೆ ಮುಚ್ಚಿದ ಮೇಲೆ ಟಾರ್ಚ್ ಬೆಳಕು ಬಿಟ್ಟು ಕಣ್ಣಾರೆ ನೋಡುತ್ತೇನೆ: ಎರಡು ತಟ್ಟೆಗಳ ನಡುವೆ ಸಂದು ಕಾಣಬಾರದು, ದವಡೆ ಪಿನ್ನನ್ನು ಸುತ್ತುವರಿದಿರಬೇಕು. ಹಿಡಿಗೆ ಬೀಗ ಅಥವಾ ಪಿನ್ ಹಾಕಿ, ಟ್ರೈಲರ್ ದೀಪ, ಬ್ರೇಕಿಗೆ ಕರೆಂಟ್ ಕೊಡುವ ಏಳು ಪಿನ್ನಿನ ವೈರು, ಟ್ರೈಲರ್ ಕಳಚಿಕೊಂಡರೆ ಅದರ ಬ್ರೇಕ್ ತಾನೇ ಹಿಡಿಯುವಂತೆ ಮಾಡುವ ಬ್ರೇಕ್‌ಅವೇ ಕೇಬಲ್ ಸಿಕ್ಕಿಸುತ್ತೇನೆ. ಆಮೇಲೆ ಮುಂಗಾಲುಗಳನ್ನು ನೆಲದಿಂದ ಒಂದೇ ಅಂಗುಲ ಎತ್ತಿ, ಚಕ್ರದ ಅಡ್ಡ ತೆಗೆಯದೆ, ಟ್ರೈಲರ್ ಬ್ರೇಕನ್ನು ಕೈಯಿಂದ ಒತ್ತಿಹಿಡಿದು ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ಎಳೆಯುತ್ತೇನೆ. ಬಿಟ್ಟುಬರುವಂತಿದ್ದರೆ ಇಲ್ಲೇ ಬಿಡಲಿ, ಒಂದಂಗುಲ ಕುಸಿದು ನಿಲ್ಲುತ್ತದೆ.

ಈ ಕೆಲಸದ ನಡುವೆ ಯಾರಾದರೂ ಮಾತಾಡಿಸಿದರೆ, ಮುಗಿದ ಮೇಲೆ ಮೊದಲಿನಿಂದ ಮತ್ತೆ ಒಂದು ಸುತ್ತು ನೋಡಿ.

ಬ್ರೇಕ್ ಕಂಟ್ರೋಲರ್ ಹೊಂದಿಸುವುದು ಹೇಗೆ?

ಪಿಕಪ್ಪಿನೊಳಗಿಂದ ಟ್ರೈಲರ್ ಬ್ರೇಕನ್ನು ನಿಯಂತ್ರಿಸುವ ಸಾಧನ ಇದು. ಖಾಲಿ ಜಾಗದಲ್ಲಿ 20–25 ಮೈಲಿ ವೇಗದಲ್ಲಿ ಹೋಗುತ್ತ ಕಂಟ್ರೋಲರ್‌ನ ಕೈಹಿಡಿಯನ್ನು ಮಾತ್ರ ಒತ್ತಿ, ಕಾಲು ಬ್ರೇಕ್ ಮುಟ್ಟಬೇಡಿ. ಟ್ರೈಲರ್ ಗಾಡಿಯನ್ನು ಗಟ್ಟಿಯಾಗಿ ಹಿಂದಕ್ಕೆ ಹಿಡಿಯಬೇಕು, ಆದರೆ ಅದರ ಚಕ್ರಗಳು ಲಾಕ್ ಆಗಿ ಉಜ್ಜಬಾರದು. ಲಾಕ್ ಆದರೆ ಗೇನ್ (ಟ್ರೈಲರ್ ಬ್ರೇಕಿಗೆ ಕೊಡುವ ಬಲ) ಇಳಿಸಿ, ಸಾಲದಿದ್ದರೆ ಏರಿಸಿ. ಟ್ರೈಲರ್ ತುಂಬಿರುವಾಗ, ಖಾಲಿ ಇರುವಾಗ ಬೇರೆ ಬೇರೆಯಾಗಿ ಹೊಂದಿಸಬೇಕು.

ತೂಕ ಹಾಕಿಸುವುದು ಎಲ್ಲಿ?

ಹೆದ್ದಾರಿ ಪಕ್ಕದ ದೊಡ್ಡ ಟ್ರಕ್ ನಿಲ್ದಾಣಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನುವ ತೂಕದ ಕಟ್ಟೆ ಇರುತ್ತದೆ. ಹೊರಗೆ ಊಟ ಮಾಡಿದಷ್ಟು ಖರ್ಚೂ ಆಗುವುದಿಲ್ಲ. ಮುಂದಿನ ಆ್ಯಕ್ಸಲ್, ಹಿಂದಿನ ಆ್ಯಕ್ಸಲ್, ಟ್ರೈಲರ್ ಚಕ್ರಗಳು, ಮೂರನ್ನೂ ಬೇರೆ ಬೇರೆ ಹಲಗೆಯ ಮೇಲೆ ನಿಲ್ಲಿಸಬೇಕು.

ಎರಡು ಸಲ ತೂಗಿ. ಮೊದಲು ಪಿಕಪ್ ಒಂದೇ: ಮನೆಯವರೆಲ್ಲ ಒಳಗೆ, ಟ್ಯಾಂಕ್ ತುಂಬಿ, ಹಿಚ್ ಬೆಡ್ಡಿನಲ್ಲಿ. 6,160 ಬಂತು ಅನ್ನೋಣ. ಆಮೇಲೆ ಟ್ರೈಲರ್ ಕಟ್ಟಿ ತೂಗಿದಾಗ ಮುಂದೆ 3,090, ಹಿಂದೆ 3,900, ಟ್ರೈಲರ್ ಚಕ್ರಗಳ ಮೇಲೆ 3,560. ಪಿಕಪ್ಪಿನ ಎರಡು ಸೇರಿಸಿದರೆ 6,990. ಮೊದಲಿನದನ್ನು ಕಳೆದರೆ 830, ಅದೇ ನಿಮ್ಮ ನಿಜವಾದ ಪಿನ್ ವೇಟ್. ಟ್ರೈಲರ್ ಒಟ್ಟು 4,390. ಪಿನ್ ಮೇಲೆ ಶೇ. 19. ಇನ್ನು ಬಾಗಿಲ ಚೌಕಟ್ಟಿಗೆ ಹೋಗಿ, ಪಿಕಪ್ಪಿನ ಜಿವಿಡಬ್ಲ್ಯೂಆರ್ 6,990ಕ್ಕಿಂತ ಹೆಚ್ಚಿದೆಯೇ, ಹಿಂದಿನ ಆ್ಯಕ್ಸಲ್‌ಗೆ ಬರೆದ ಮಿತಿ 3,900ಕ್ಕಿಂತ ಹೆಚ್ಚಿದೆಯೇ ನೋಡಿ. ಎರಡರಲ್ಲಿ ಒಂದು ಮೀರಿದರೂ ಸಾಮಾನು ಇಳಿಸಬೇಕು. ಪಿನ್ ಮೇಲಿನ ಭಾರ ಶೇ. 15ಕ್ಕಿಂತ ಕೆಳಗೆ ಹೋಗುವಂತೆ ಎಲ್ಲವನ್ನೂ ಹಿಂದಕ್ಕೆ ಸರಿಸುವ ಉಪಾಯ ಮಾತ್ರ ಬೇಡ; ಹಿಂಭಾರದ ಗಾಡಿ ಬಾಲ ಬೀಸುತ್ತದೆ.

ಟೈರುಗಳ ಬಗ್ಗೆ?

ಟ್ರೈಲರ್‌ಗೆ ಎಸ್‌ಟಿ (ಸ್ಪೆಷಲ್ ಟ್ರೈಲರ್) ಅಂತ ಬರೆದ ಟೈರುಗಳೇ ಬೇಕು. ಅವುಗಳಲ್ಲಿ ಹಲವಕ್ಕೆ ಗರಿಷ್ಠ ವೇಗ 65 ಮೈಲಿ, ಬೇರೆ ಗುರುತು ಇದ್ದರೆ ಮಾತ್ರ ಹೆಚ್ಚು. ನಿಂತಲ್ಲೇ ಬಿಸಿಲಿಗೆ ಒಣಗುವ ಟೈರು ಸವೆಯುವ ಮೊದಲೇ ಸಾಯುತ್ತದೆ. ಟೈರಿನ ಪಕ್ಕದ ಗೋಡೆಯ ಮೇಲೆ ಡಾಟ್ (DOT) ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ, ಮೇಲ್ನೋಟಕ್ಕೆ ಹೊಸದರಂತಿದ್ದರೂ ಬದಲಿಸಿ. ಗಾಳಿಯನ್ನು ಬೆಳಗ್ಗೆ ಗಾಡಿ ಹೊರಡುವ ಮೊದಲು, ತಣ್ಣಗಿರುವಾಗ ನೋಡಬೇಕು. ಚಕ್ರ ಬಿಚ್ಚಿ ಹಾಕಿದ್ದರೆ ಮೊದಲ 50 ಮೈಲಿಯ ನಂತರ ನಟ್ಟುಗಳನ್ನು ಮತ್ತೆ ಬಿಗಿಮಾಡಿ.

ಬೆಟ್ಟದ ರಸ್ತೆಯಲ್ಲಿ ಹೇಗೆ ಓಡಿಸಬೇಕು?

ಫೀನಿಕ್ಸ್ ಇರುವುದು ಸುಮಾರು 1,100 ಅಡಿ ಎತ್ತರದಲ್ಲಿ, ಫ್ಲ್ಯಾಗ್‌ಸ್ಟಾಫ್ ಸುಮಾರು 6,900 ಅಡಿಯಲ್ಲಿ. ಐ-17 ಹೆದ್ದಾರಿಯಲ್ಲಿ ಅಷ್ಟನ್ನೂ ಬೇಸಿಗೆಯ ಬಿಸಿಲಲ್ಲಿ ಹತ್ತಬೇಕು. ಎಳೆಯುವ ಶಕ್ತಿ ಅಳೆಯಲು ಕಂಪನಿಗಳು ಬಳಸುವ ಎಸ್‌ಎಇ ಜೆ2807 ಎಂಬ ಮಾನದಂಡದಲ್ಲೂ ಅರಿಜೋನಾದ್ದೇ ಒಂದು ಏರು ಇದೆ, ಬುಲ್‌ಹೆಡ್ ಸಿಟಿ ಹತ್ತಿರದ ಡೇವಿಸ್ ಡ್ಯಾಮ್ ಏರು. ಆ ಪರೀಕ್ಷೆಯಲ್ಲಿ ಎಸಿ ಹಾಕಿಕೊಂಡೇ ಹತ್ತಬೇಕು. ಆದರೆ ಆ ಪರೀಕ್ಷೆಯಲ್ಲಿ ಗಾಡಿಯೊಳಗೆ ಲೆಕ್ಕಕ್ಕೆ ಹಿಡಿಯುವುದು 150 ಪೌಂಡಿನ ಇಬ್ಬರನ್ನು. ನಿಮ್ಮ ಸಂಸಾರ ಅದರಲ್ಲಿಲ್ಲ.

ಹತ್ತುವಾಗ ಟೋ/ಹಾಲ್ ಮೋಡ್ (ಭಾರ ಎಳೆಯುವಾಗ ಗೇರು ಬದಲಿಸುವ ರೀತಿಯನ್ನು ಹೊಂದಿಸುವ ಗುಂಡಿ) ಹಾಕಿ, ಬಲಗಡೆ ಲೇನಿನಲ್ಲಿ, ಟ್ರಕ್ಕುಗಳ ಜೊತೆ ನಿಧಾನವಾಗಿ ಹೋಗಿ. ಎಂಜಿನ್ ಜೋರಾಗಿ ಕೂಗಿದರೆ ಗಾಬರಿ ಬೇಡ, ಬಿಸಿಯ ಮುಳ್ಳಿನ ಮೇಲೆ ಕಣ್ಣಿರಲಿ.

ನನಗೆ ಹೆದರಿಕೆ ಇರುವುದು ಇಳಿಯುವುದರ ಬಗ್ಗೆ. ಶಿರಾಡಿ ಘಾಟಿಯ ಲಾರಿ ಡ್ರೈವರುಗಳು "ಹತ್ತಿದ ಗೇರಲ್ಲೇ ಇಳಿಸು" ಅನ್ನುತ್ತಿದ್ದದ್ದು ಇಲ್ಲಿಗೂ ಸರಿಯಾಗಿ ಹೊಂದುತ್ತದೆ. ಇಳಿಜಾರು ಶುರುವಾಗುವ ಮೊದಲೇ ವೇಗ ಇಳಿಸಿ ಕೆಳಗಿನ ಗೇರಿಗೆ ಬನ್ನಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ವೇಗ ಏರಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ, ಐದಾರು ಮೈಲಿ ವೇಗ ಇಳಿಸಿ, ಬಿಟ್ಟುಬಿಡಿ. ತಣ್ಣಗಾಗಲು ಅವಕಾಶ ಸಿಗಲಿ. ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಕಾಯಿರಿ.

ಎಲ್ಲ ರಸ್ತೆಗೂ ಹೋಗಬಹುದಾ? ಎಷ್ಟು ವೇಗ?

ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವ ಯಾವ ಗಾಡಿಯೂ 55 ಮೈಲಿ ಮೀರುವಂತಿಲ್ಲ. ಬೇರೆ ಕಡೆ ಫಲಕ 75 ಅಂದರೂ ನಾನು 62–63 ದಾಟುವುದಿಲ್ಲ. ಟ್ರೈಲರ್‌ನ ಎಸಿ ತುದಿಯವರೆಗಿನ ಎತ್ತರವನ್ನು ಟೇಪ್ ಹಿಡಿದು ಅಳೆದು, ಸ್ಟೇರಿಂಗ್ ಎದುರು ಬರೆದು ಅಂಟಿಸಿ. ನ್ಯೂಯಾರ್ಕಿನ ಪಾರ್ಕ್‌ವೇಗಳಲ್ಲಿ ಸೇತುವೆಗಳು ಗಿಡ್ಡ, ಟ್ರೈಲರ್ ನಿಷಿದ್ಧ. ಗ್ಲೇಸಿಯರ್ ನ್ಯಾಷನಲ್ ಪಾರ್ಕಿನ ಗೋಯಿಂಗ್-ಟು-ದ-ಸನ್ ರಸ್ತೆಯ ನಡುಭಾಗದಲ್ಲಿ 21 ಅಡಿಗಿಂತ ಉದ್ದದ ಗಾಡಿ ಬಿಡುವುದಿಲ್ಲ. ಟ್ರೈಲರ್ ಕ್ಯಾಂಪಿನಲ್ಲಿಟ್ಟು ಪಿಕಪ್ಪಿನಲ್ಲಿ ಹೋಗಿ. ಕಾರಿಗೆ ದಾರಿ ತೋರಿಸುವ ಫೋನ್ ಮ್ಯಾಪ್ ನಂಬಿಕೊಂಡು ಟ್ರೈಲರ್ ತಿರುಗಿಸಬೇಡಿ.

ಊರಿನಿಂದ ಅಪ್ಪ-ಅಮ್ಮ ಬಂದಿದ್ದಾರೆ. ಪಿಕಪ್ಪಿನಲ್ಲಿ ಇಕ್ಕಟ್ಟು. ಅವರನ್ನು ಟ್ರೈಲರ್‌ನೊಳಗೆ ಮಲಗಿಸಿಕೊಂಡು ಹೋಗಬಹುದೇ?

ಫಿಫ್ತ್ ವೀಲ್‌ನೊಳಗೆ ಜನ ಕೂರುವುದಕ್ಕೆ ಕೆಲವು ರಾಜ್ಯಗಳಲ್ಲಿ ಷರತ್ತಿನ ಮೇಲೆ ಅನುಮತಿ ಇದೆ, ಹಲವು ಕಡೆ ಇಲ್ಲ. ಕಾನೂನು ಬಿಡುವ ಕಡೆಯೂ ದಯವಿಟ್ಟು ಕೂರಿಸಬೇಡಿ. ಒಳಗೆ ಸೀಟ್ ಬೆಲ್ಟ್ ಇರುವುದಿಲ್ಲ, ಗೋಡೆಗಳು ತೆಳ್ಳಗಿನ ಹಲಗೆಯವು, ಬ್ರೇಕ್ ಹಾಕಿದಾಗ ಕಪಾಟಿನ ಪಾತ್ರೆಗಳೆಲ್ಲ ಹಾರುತ್ತವೆ. ಹಿಂದೆ ಟೈರು ಸಿಡಿದರೆ ಅವರು ಕೂಗಿದ್ದು ನಿಮಗೆ ಕೇಳುವುದಿಲ್ಲ.

ಪಿಕಪ್ಪಿನೊಳಗೇ ಕೂರಿಸಿಕೊಳ್ಳಿ, ಆದರೆ ಲೆಕ್ಕ ಮತ್ತೆ ಹಾಕಿ. ಅಪ್ಪ-ಅಮ್ಮ ಸೇರಿ 300 ಪೌಂಡ್ ಆದರೆ, ಮೇಲಿನ ಉದಾಹರಣೆಯಲ್ಲಿ ಉಳಿದಿದ್ದ 890 ಈಗ 590 ಆಯಿತು. ಟ್ರೈಲರ್‌ನ ಮಿತಿ 4,450ರಿಂದ 2,950ಕ್ಕೆ ಇಳಿಯಿತು. ಅಷ್ಟು ಹಗುರದ ಫಿಫ್ತ್ ವೀಲ್ ಸಿಗುವುದು ಕಷ್ಟ. ಆರು ಜನಕ್ಕೆ ಸೀಟೂ ಇರುವುದು ಮುಂದೆ ಮೂವರು ಕೂರುವ ಬೆಂಚ್ ಸೀಟಿನ ಗಾಡಿಯಲ್ಲಿ ಮಾತ್ರ. ನಮ್ಮ ಮನೆಯಲ್ಲಿ ಅಂಥ ಪ್ರವಾಸಕ್ಕೆ ಹೆಂಡತಿ ಕಾರಿನಲ್ಲಿ ನನ್ನ ಅಪ್ಪ-ಅಮ್ಮನನ್ನು ಕೂರಿಸಿಕೊಂಡು ಹಿಂದೆ ಬರುತ್ತಾಳೆ, ನಾನು ಮಕ್ಕಳ ಜೊತೆ ಮುಂದೆ ಹೋಗುತ್ತೇನೆ. ಗಂಟೆಗೊಮ್ಮೆ ನಿಲ್ಲಿಸಿ ಟೈರುಗಳ ಮೇಲೆ ಕೈಯಿಟ್ಟು ನೋಡುತ್ತೇನೆ, ಅಷ್ಟರಲ್ಲಿ ಅಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿರುತ್ತಾರೆ.